ತೋಟದಲ್ಲಿ ಸಿಕ್ಕಿದ ಬೆಳ್ಳಿ ರೂಪಾಯಿ ಎಂದು ತಂದರೆ ನಂಬಬೇಡಿ

ಕೊಡಗಿನಲ್ಲಿ ಕಾಫಿ ಮಾರಿದ ಹಣ ಕೈಗೆ ಬರುವ ಹೊತ್ತಿಗೆ ಸರಿಯಾಗಿ ಹಳೆಯ ಬೆಳ್ಳಿ ನಾಣ್ಯ ಮಾರುವವರೂ ಬಾಗಿಲಿಗೆ ಬರುತ್ತಾರೆ. ಈ ಸಲ ನನ್ನ ಮಾವನ ಮನೆಗೆ ಬಂದರು. ಮಗಳ ಮದುವೆ ಹತ್ತಿರವಿತ್ತು. ಅಕ್ಕಿ ಹಾಕಿ ಹರಸುವಾಗ ಅವಳ ಕೈಗೆ ವಿಕ್ಟೋರಿಯಾ ರಾಣಿಯ ರೂಪಾಯಿ ಇಡಬೇಕೆಂಬುದು ಮಾವನ ಬಹುದಿನದ ಆಸೆ. ಆ ಸುದ್ದಿ ಯಾರ ಬಾಯಿಂದಲೋ ಅವರ ಕಿವಿಗೆ ಬಿದ್ದಿರಬೇಕು.

ಬಂದವನು ಹೇಳಿದ್ದು ಇಷ್ಟು: ಸಿದ್ದಾಪುರದ ಕಡೆ ತೋಟದಲ್ಲಿ ಗುಂಡಿ ತೆಗೆಯುವಾಗ ಒಂದು ಮಡಕೆ ಸಿಕ್ಕಿದೆ, ಕೊಡಗಿನ ಅರಸ ದೊಡ್ಡ ವೀರರಾಜೇಂದ್ರನ ಕಾಲದ ಹಣ, ಕೆಲಸದವರಿಗೆ ಭಯ, ಬೇಗ ಕೈ ಬಿಡಬೇಕು. ವಿಕ್ಟೋರಿಯಾ ರೂಪಾಯಿಯ ಒಂದು ನಾಣ್ಯವನ್ನು ಕೈಗಿಟ್ಟು, "ಸಾಹುಕಾರರೇ, ನಿಮಗೆ ನಂಬಿಕೆಯಿರುವ ಯಾವ ಅಂಗಡಿಯಲ್ಲಾದರೂ ತೋರಿಸಿ ಬನ್ನಿ" ಎಂದ. ಗೋಣಿಕೊಪ್ಪದಲ್ಲಿ ಪರಿಚಯದ ಅಕ್ಕಸಾಲಿಗರು ಒರೆಗಲ್ಲಿಗೆ ಉಜ್ಜಿ ನೋಡಿ ಒಳ್ಳೆಯ ಬೆಳ್ಳಿ ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ; ಆ ಒಂದು ನಾಣ್ಯ ಅಸಲಿಯೇ. ಆಮೇಲೆ ಗಂಟಿನಲ್ಲಿ ಬಂದ ಉಳಿದವೆಲ್ಲ ನಕಲಿ. ಮಾದರಿ ನಾಣ್ಯ ಎಷ್ಟು ಶುದ್ಧವಾಗಿದ್ದರೂ ಗಂಟಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಹಣ ಕೊಡುವ ಮುನ್ನ ಒಂದೊಂದು ನಾಣ್ಯವನ್ನೂ ಪರೀಕ್ಷಿಸಲೇಬೇಕು.

ಆ ಕಥೆಯಲ್ಲೇ ಸುಳ್ಳಿತ್ತು. ದೊಡ್ಡ ವೀರರಾಜೇಂದ್ರ ತೀರಿಕೊಂಡದ್ದು 1809ರಲ್ಲಿ. ವಿಕ್ಟೋರಿಯಾಳ ಮುಖವಿರುವ ರೂಪಾಯಿ ಬಂದದ್ದು 1840ರಲ್ಲಿ, ಕೊಡಗು ಬ್ರಿಟಿಷರ ಕೈಸೇರಿ ಆರು ವರ್ಷಗಳ ನಂತರ. ರಾಜನ ಹೆಸರು ಹೇಳಿದರೆ ಕೊಡಗಿನವರ ಮನಸ್ಸು ಕರಗುತ್ತದೆಂದು ಈ ಜನಕ್ಕೆ ಗೊತ್ತು. ರಾಮ ಸೀತೆಯರ ಚಿತ್ರವಿದ್ದು 1818 ಎಂದು ಬರೆದಿರುವ ಈಸ್ಟ್ ಇಂಡಿಯಾ ಕಂಪನಿಯ ಆಣೆಗಳನ್ನು ತೋರಿಸಿದರಂತೂ ನೋಡುವುದೇ ಬೇಡ. ಕಂಪನಿ ಅಂಥ ನಾಣ್ಯವನ್ನು ಎಂದೂ ಚಲಾವಣೆಗೆ ತಂದಿಲ್ಲ.

ಮೊದಲು ತೂಕ. 1835ರಿಂದ ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯ ತೂಕ ಒಂದು ತೊಲ, ಅಂದರೆ 11.66 ಗ್ರಾಂ. ಕೈಯಿಂದ ಕೈಗೆ ಸವೆದ ನಾಣ್ಯ ಸ್ವಲ್ಪ ಕಡಿಮೆ ತೂಗಬಹುದು, ಹೆಚ್ಚು ತೂಗುವುದು ಅನುಮಾನಕ್ಕೆ ಎಡೆ. ಮಾವನ ಗಂಟಿನಲ್ಲಿ ಒಂದು ಹತ್ತು ಗ್ರಾಂ ಕೂಡ ಇರಲಿಲ್ಲ, ಇನ್ನೊಂದು ಹನ್ನೆರಡು ದಾಟಿತ್ತು.

ತೂಕ ಸರಿಯಿದ್ದರೂ ನೀರಿನ ಪರೀಕ್ಷೆ ಬಿಡಬೇಡಿ. ಗ್ರಾಂನ ನೂರನೇ ಒಂದು ಪಾಲನ್ನು ತೋರಿಸುವ ಸಣ್ಣ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರಕ್ಕೆ ಕಟ್ಟಿ, ತಳಕ್ಕಾಗಲಿ ಬದಿಗಾಗಲಿ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ನೂರಕ್ಕೆ 91.7 ಪಾಲು ಬೆಳ್ಳಿಯಿರುವ ಆ ರೂಪಾಯಿಗೆ ತಕ್ಕಡಿ ಸುಮಾರು 1.13 ಗ್ರಾಂ ತೋರಿಸುತ್ತದೆ; ಅದು ನಾಣ್ಯ ಸರಿಸಿದ ನೀರಿನ ತೂಕ. ಅಷ್ಟೇ ತೂಕದ ಜರ್ಮನ್ ಸಿಲ್ವರ್ (ಬೆಳ್ಳಿಯೇ ಇಲ್ಲದ, ತಾಮ್ರ, ನಿಕಲ್, ಸತುವಿನ ಮಿಶ್ರಲೋಹ) ಬಿಲ್ಲೆಗೆ 1.3ರ ಮೇಲೆ ಹೋಗುತ್ತದೆ. ಆರನೇ ಜಾರ್ಜ್‌ನ 1940ರಿಂದ 1945ರವರೆಗಿನ ರೂಪಾಯಿಯಲ್ಲಿ ಅರ್ಧ ಮಾತ್ರ ಬೆಳ್ಳಿ, ಆದ್ದರಿಂದ ಅದು 1.2ರ ಆಸುಪಾಸು ತೋರಿಸಿದರೆ ನಕಲಿಯಲ್ಲ. ಆದರೆ ಅದಕ್ಕೆ ವಿಕ್ಟೋರಿಯಾ ರೂಪಾಯಿಯ ಬೆಳ್ಳಿ ಬೆಲೆ ಕೊಡಬೇಡಿ. ಅಯಸ್ಕಾಂತವನ್ನು ಮಾತ್ರ ನಂಬಿ ಕೂರಬೇಡಿ. ಜರ್ಮನ್ ಸಿಲ್ವರ್, ಹಿತ್ತಾಳೆ, ಸೀಸ ಯಾವುದೂ ಅದಕ್ಕೆ ಅಂಟುವುದಿಲ್ಲ.

ಇನ್ನು ಕಣ್ಣಿಗೆ ಕಾಣುವುದು. ಆ ನಾಣ್ಯಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಭೂತಗನ್ನಡಿ ಹಿಡಿದಾಗ ಮೂರರಲ್ಲಿ ರಾಣಿಯ ಕೆನ್ನೆಯ ಕೆಳಗೆ ಒಂದೇ ಜಾಗದಲ್ಲಿ ಸಾಸಿವೆಗಿಂತ ಸಣ್ಣ ಗುಳಿ ಕಂಡಿತು. ಒಂದೇ ಎರಕದ ಅಚ್ಚಿನಿಂದ ಹುಟ್ಟಿದವು. ಅಂಚಿನ ಗೆರೆಗಳ ನಡುವೆ ಸುತ್ತಲೂ ತೆಳುವಾದ ಬೆಸುಗೆಯಂಥ ರೇಖೆ, ಅದನ್ನು ಅರದಿಂದ ತೀಡಿದ ಗುರುತು. ಅಸಲಿ ನಾಣ್ಯದಲ್ಲಿ ಕೂದಲು, ಕೆನ್ನೆಯಂಥ ಉಬ್ಬುಗಳು ಸವೆದು ಬೆಳ್ಳಗಾಗಿ, ತಗ್ಗಿನಲ್ಲಿ ಕಪ್ಪು ಉಳಿದಿರುತ್ತದೆ. ಇವುಗಳಲ್ಲಿ ಉಬ್ಬು ತಗ್ಗು ಎನ್ನದೆ ಒಂದೇ ಸಮನೆ ಕಪ್ಪು ಬಳಿದಿದ್ದರು. ಹಲವು ನಾಣ್ಯಗಳಲ್ಲಿ 1862 ಎಂಬ ಒಂದೇ ಇಸವಿ ಇರುವುದು ಮಾತ್ರ ದೋಷವಲ್ಲ, ಟಂಕಸಾಲೆಗಳು ಆ ಇಸವಿಯನ್ನೇ ಹಲವು ವರ್ಷ ಹಾಕಿದ್ದವು. ಆದರೆ ಬರಹ ನೋಡಿ: 1876ರವರೆಗೆ ವಿಕ್ಟೋರಿಯಾ ಕ್ವೀನ್, 1877ರಿಂದ ವಿಕ್ಟೋರಿಯಾ ಎಂಪ್ರೆಸ್. 1882ರ ನಾಣ್ಯದಲ್ಲಿ ಕ್ವೀನ್ ಎಂದಿದ್ದರೆ ಅದನ್ನು ಅಲ್ಲೇ ವಾಪಸ್ ಕೊಡಿ.

ಮಾವ ದೂರು ಕೊಡಲು ಬಹಳ ಹಿಂಜರಿದರು. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬುದು ಕಾನೂನು, ಕೊಂಡವರನ್ನೇ ಪೊಲೀಸರು ಪ್ರಶ್ನಿಸುತ್ತಾರೆಂಬ ಅಂಜಿಕೆ. ಮಡಕೆಯ ಕಥೆ ಕಟ್ಟುವುದೇ ಇದಕ್ಕಾಗಿ ಎಂದು ನನಗೆ ಖಚಿತವಾಗಿದೆ: ಮೋಸಹೋದವರು ಬಾಯಿ ಮುಚ್ಚಿಕೊಂಡಿರಬೇಕು. ಹಿರಿಯರ ಜೀವಮಾನದ ಆಸೆಯನ್ನು ಹೀಗೆ ಬಂಡವಾಳ ಮಾಡಿಕೊಳ್ಳುವವರ ಮೇಲೆ ನನಗೆ ತಡೆಯಲಾಗದ ಸಿಟ್ಟಿದೆ. ಕೊನೆಗೆ ಎಲ್ಲವನ್ನೂ ಇದ್ದದ್ದು ಇದ್ದಂತೆ ಬರೆದು ದೂರು ಕೊಟ್ಟೆವು.

ನಿಮ್ಮ ಮನೆಯಲ್ಲಿ ಇಂಥ ಗಂಟು ಈಗಾಗಲೇ ಇದ್ದರೆ ಅದನ್ನು ಕರಗಿಸಬೇಡಿ, ಬೇರೆಯವರಿಗೆ ಉಡುಗೊರೆಯಾಗಿ ದಾಟಿಸಲೂಬೇಡಿ. ಬಂದವನು ಕರೆ ಮಾಡಿದ ಸಂಖ್ಯೆ, ಬಂದ ವಾಹನದ ವಿವರ, ನಾಣ್ಯಗಳ ಫೋಟೊ ಎಲ್ಲವನ್ನೂ ಇಟ್ಟುಕೊಂಡು ಹತ್ತಿರದ ಠಾಣೆಗೆ ಹೋಗಿ.