ಪೈಥಾನ್‌ನಲ್ಲಿ ಲಿಸ್ಟಾ, ಸೆಟ್ಟಾ?

ಪೈಥಾನ್ ಪ್ರೋಗ್ರಾಂನಲ್ಲಿ ಹಲವು ಮೌಲ್ಯಗಳನ್ನು ಒಟ್ಟಿಗೆ ಇಡೋಕೆ ಲಿಸ್ಟ್ ಇದೆ, ಸೆಟ್ ಇದೆ. ಒಂದು ಫೋನ್ ನಂಬರ್ ಅದರಲ್ಲಿ ಈಗಾಗಲೇ ಇದೆಯಾ ಅಂತ ಪದೇಪದೇ ನೋಡಬೇಕಾದರೆ ಕಣ್ಣುಮುಚ್ಚಿ ಸೆಟ್ ತಗೊಳ್ಳಿ. 10 ಲಕ್ಷ ನಂಬರ್‌ಗಳ ಲಿಸ್ಟ್‌ನಲ್ಲಿ ಪೈಥಾನ್ ಮೊದಲಿನಿಂದ ಒಂದೊಂದನ್ನೇ ಹೋಲಿಸುತ್ತಾ ಹೋಗುತ್ತದೆ. ನಂಬರ್ ಇಲ್ಲದಿದ್ದರೆ ಅಷ್ಟನ್ನೂ ನೋಡಿ ಮುಗಿಸಿಯೇ ‘ಇಲ್ಲ’ ಅನ್ನುತ್ತದೆ. ಸೆಟ್ ಹಾಗಲ್ಲ. ನಂಬರ್‌ನಿಂದಲೇ ಅದರ ಹ್ಯಾಶ್ (ಎಲ್ಲಿ ಹುಡುಕಬೇಕು ಅಂತ ತೋರಿಸುವ ಸಂಖ್ಯೆ) ಲೆಕ್ಕ ಹಾಕಿ ನೇರ ಆ ಜಾಗಕ್ಕೇ ಹೋಗುತ್ತದೆ. ಆದರೆ ಸೆಟ್ ಅನ್ನು ಲೂಪ್‌ನ (ಮತ್ತೆ ಮತ್ತೆ ಓಡುವ ಕೋಡ್‌ನ) ಹೊರಗೆ ಒಮ್ಮೆ ಮಾತ್ರ ಕಟ್ಟಿ. ಒಳಗೆ ಕಟ್ಟಿದರೆ ಲಾಭವೆಲ್ಲ ಹೋಯಿತು, ಅಲ್ವಾ?

ಸೆಟ್‌ಗೆ ಮೆಮೊರಿ ಜಾಸ್ತಿ ಬೇಕು, ಸೇರಿಸಿದ ಕ್ರಮವೂ ಉಳಿಯುವುದಿಲ್ಲ. ಮೂರನೆಯದು ಯಾವುದು ಅಂತ ಕೇಳಬೇಕಾದರೆ ಲಿಸ್ಟೇ ಸರಿ. ಹತ್ತಿಪ್ಪತ್ತು ಐಟಂ ಇದ್ದರೂ ಸುಮ್ನೆ ಲಿಸ್ಟ್ ಇಡಿ.

ಕ್ರಮವೂ ಬೇಕು, ವೇಗವೂ ಬೇಕಾ? ಡಿಕ್ಷನರಿ (ಕೀ ಮತ್ತು ಅದರ ಮೌಲ್ಯವನ್ನು ಜೋಡಿಯಾಗಿ ಇಡುವುದು) ಬಳಸಿ, ನಂಬರ್‌ಗಳನ್ನೇ ಕೀ ಮಾಡಿ. ಪೈಥಾನ್ 3.7ರಿಂದ ಅದು ಸೇರಿಸಿದ ಕ್ರಮವನ್ನೇ ಉಳಿಸಿಕೊಳ್ಳುತ್ತದೆ.