ಚಿನ್ನದ ಸಾಲದ ನಿಯಮಗಳು ಮತ್ತು ಡ್ರೂಲ್ಸ್: ಐದು ವರ್ಷ ಬಳಸಿದ ಮೇಲೆ ಬರೆದ ವಿಮರ್ಶೆ

ನಾವು ಪಟ್ಟಣ ಸಹಕಾರ ಬ್ಯಾಂಕುಗಳಿಗೆ ಸಾಲ ಮತ್ತು ಠೇವಣಿಯ ಸಾಫ್ಟ್‌ವೇರ್ ಬರೆದುಕೊಡುವ ಸಣ್ಣ ತಂಡ. ಬರೆದುಕೊಟ್ಟ ನಿಯಮಗಳನ್ನು ಓದಿ ನಿರ್ಧಾರ ಹೇಳುವ ಡ್ರೂಲ್ಸ್ ಎಂಬ ಸಾಫ್ಟ್‌ವೇರ್ ನಮ್ಮ ಕೈಗೆ ಬಂದದ್ದು ಒಂದು ತಪ್ಪಿನಿಂದ. ಹೊಸ ಠೇವಣಿ ದರಗಳು ಜಾರಿಗೆ ಬಂದ ಮೂರನೆಯ ದಿನ, ಅರವತ್ತು ವರ್ಷ ತುಂಬಿದ ಹಿರಿಯರೊಬ್ಬರು ನಿವೃತ್ತಿಯ ಹಣವನ್ನು ಎಫ್‌ಡಿ ಇಡಲು ಬಂದರು. ಅವರ ಕೈಗೆ ಹೋದ ರಸೀದಿಯಲ್ಲಿ ಬಡ್ಡಿದರದ ಜಾಗದಲ್ಲಿ ಸೊನ್ನೆ ಮುದ್ರಿತವಾಗಿತ್ತು. ನಮ್ಮ ನಿಯಮದ ಒಂದು ಸಾಲಿನಲ್ಲಿ ‘60ಕ್ಕಿಂತ ಕಡಿಮೆ’ ಎಂದೂ ಇನ್ನೊಂದರಲ್ಲಿ ‘60ಕ್ಕಿಂತ ಹೆಚ್ಚು’ ಎಂದೂ ಬರೆದಿದ್ದೆವು. ಸರಿಯಾಗಿ ಅರವತ್ತಾದವರಿಗೆ ಯಾವ ಸಾಲೂ ಅನ್ವಯಿಸಲಿಲ್ಲ, ಉತ್ತರ ಸಿಗದೆ ಖಾಲಿಯಾಗಿ ಬಂದ ಬೆಲೆಯನ್ನು (ಪ್ರೋಗ್ರಾಮಿನಲ್ಲಿ ಒಂದು ಜಾಗವನ್ನು ತುಂಬುವ ಸಂಖ್ಯೆ ಅಥವಾ ಪದಕ್ಕೆ ನಾವು ಬೆಲೆ ಎನ್ನುತ್ತೇವೆ) ಮುಂದಿನ ಪ್ರೋಗ್ರಾಂ ಸೊನ್ನೆ ಎಂದು ಓದಿಕೊಂಡಿತು. ಬಿಡುಗಡೆಗೆ ಮುನ್ನ ನಲವತ್ತು ಉದಾಹರಣೆಗಳನ್ನು ಪರೀಕ್ಷಿಸಿದ್ದೆವು. ಅವುಗಳಲ್ಲಿ 35, 45, 72 ವರ್ಷದವರೆಲ್ಲ ಇದ್ದರು, ಅರವತ್ತರವರು ಒಬ್ಬರೂ ಇರಲಿಲ್ಲ. ಆ ಹಿರಿಯರು ಕೂಗಾಡಲಿಲ್ಲ. ರಸೀದಿಯನ್ನು ಕೌಂಟರಿನ ಮೇಲಿಟ್ಟು, “ಸ್ವಲ್ಪ ನೋಡಿ ಸ್ವಾಮಿ, ಏನೋ ತಪ್ಪಾಗಿರಬೇಕು” ಎಂದಷ್ಟೇ ಹೇಳಿದರಂತೆ. ಆ ಮಾತನ್ನು ಕೇಳಿದ ಮೇಲೆ, ಉದಾಹರಣೆಗಳ ಪಟ್ಟಿಯನ್ನು ಉದ್ದ ಮಾಡಿದರೆ ಸಾಲದು, ನಿಯಮಗಳನ್ನೇ ತರ್ಕದ ದೃಷ್ಟಿಯಿಂದ ಪರಿಶೀಲಿಸುವ ಸಾಧನ ಬೇಕು ಎಂದು ನಿರ್ಧರಿಸಿದೆವು.

ಡ್ರೂಲ್ಸ್ ಜಾವಾದಲ್ಲಿ ಬರೆದ, ಮುಕ್ತ ಆಕರದ ನಿಯಮ ಎಂಜಿನ್. ಈಗ ಅದು ಅಪಾಚೆ ಪ್ರತಿಷ್ಠಾನದ ಕೆಐಇ ಯೋಜನೆಯ ಭಾಗವಾಗಿದೆ, ಪರವಾನಗಿ ಶುಲ್ಕವಿಲ್ಲ. ಅದರ ಸ್ವಂತ ಭಾಷೆಯಲ್ಲೂ ನಿಯಮ ಬರೆಯಬಹುದು, ಡಿಎಂಎನ್ ಎಂಬ ಮಾನದಂಡದ, ಒಂದೊಂದು ಸಾಲೂ ಒಂದೊಂದು ನಿಯಮವಾಗಿರುವ ನಿರ್ಧಾರ ಕೋಷ್ಟಕಗಳಲ್ಲೂ ಬರೆಯಬಹುದು. ನಾವು ಹೆಚ್ಚಾಗಿ ಕೋಷ್ಟಕಗಳನ್ನೇ ಬಳಸುತ್ತೇವೆ, ಏಕೆಂದರೆ ಬ್ಯಾಂಕಿನ ಸಾಲ ವಿಭಾಗದವರು ಅವುಗಳನ್ನು ತಾವೇ ಓದಿ ಒಪ್ಪಿಗೆ ಕೊಡಬಲ್ಲರು.

ಈ ವಿಮರ್ಶೆಗೆ ಮುಖ್ಯವಾದದ್ದು ಕೋಷ್ಟಕವನ್ನು ವಿಶ್ಲೇಷಿಸುವ ಅದರ ಸೌಲಭ್ಯ. ಒಂದೇ ಒಂದು ಉದಾಹರಣೆಯನ್ನೂ ಓಡಿಸದೆ, ಯಾವ ಬೆಲೆಗೆ ಯಾವ ಸಾಲೂ ಅನ್ವಯಿಸುವುದಿಲ್ಲ, ಯಾವ ಎರಡು ಸಾಲುಗಳು ಒಂದೇ ಬೆಲೆಯನ್ನು ಹಿಡಿಯುತ್ತವೆ, ಯಾವ ಸಾಲು ಇನ್ನೊಂದರ ಮರೆಯಲ್ಲಿ ಸಿಕ್ಕಿ ಎಂದೂ ಕೆಲಸಕ್ಕೆ ಬರುವುದಿಲ್ಲ ಎಂಬುದನ್ನು ಅದು ಲೆಕ್ಕ ಹಾಕಿ ತಿಳಿಸುತ್ತದೆ. ಹಳೆಯ ಠೇವಣಿ ಕೋಷ್ಟಕವನ್ನು ಮೊದಲ ಬಾರಿಗೆ ಕೊಟ್ಟಾಗ ಅದು ತೋರಿಸಿದ ಮೊದಲ ದೋಷವೇ 60. ಅದೇ ಕೋಷ್ಟಕದಲ್ಲಿ ಠೇವಣಿಯ ಅವಧಿಯ ಎರಡು ಸಾಲುಗಳು 365ನೆಯ ದಿನದಂದು ಒಂದರ ಮೇಲೊಂದು ಬೀಳುತ್ತಿದ್ದವು. ಅದು ನಮ್ಮ ಗಮನಕ್ಕೆ ಬಂದೇ ಇರಲಿಲ್ಲ.

ಗಡಿಯ ಬೆಲೆಗಳೆಂದರೆ ಅಪರೂಪಕ್ಕೆ ಬರುವ ಪ್ರಕರಣಗಳು ಎಂದು ಪರೀಕ್ಷೆ ಮಾಡುವವರು ಸಾಮಾನ್ಯವಾಗಿ ಭಾವಿಸುತ್ತಾರೆ. ಬ್ಯಾಂಕಿನ ಕೌಂಟರಿನಲ್ಲಿ ಅದು ನಿಜವಲ್ಲ. ಒಡವೆ ಗಿರವಿ ಇಡಲು ಬಂದವರು 2,37,400 ರೂಪಾಯಿ ಕೊಡಿ ಎನ್ನುವುದಿಲ್ಲ, ಎರಡೂವರೆ ಲಕ್ಷ ಕೊಡಿ, ಐದು ಲಕ್ಷ ಕೊಡಿ ಎನ್ನುತ್ತಾರೆ. ನಿಯಮ ಮಾಡುವವರು ಗಡಿ ಎಳೆಯುವುದೂ ಅದೇ ದುಂಡು ಸಂಖ್ಯೆಗಳ ಮೇಲೆ. ಹಾಗಾಗಿ ಗಡಿಯಲ್ಲಿ ಉಳಿದ ಒಂದು ರೂಪಾಯಿಯ ತಪ್ಪು, ಬರುವ ಗ್ರಾಹಕರಲ್ಲಿ ಬಹಳ ಮಂದಿಗೆ ತಾಗುತ್ತದೆ.

ಚಿನ್ನ ಮತ್ತು ಬೆಳ್ಳಿಯ ಅಡಮಾನದ ಸಾಲಗಳ ಬಗ್ಗೆ ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊರಡಿಸಿದ ನಿರ್ದೇಶನಗಳು ಈ ಸಾಧನವನ್ನು ನಿಜವಾಗಿ ಪರೀಕ್ಷೆಗೆ ಒಡ್ಡಿದವು. ಬಳಕೆಯ ಉದ್ದೇಶದ (ಆದಾಯ ತರುವ ಕೆಲಸಕ್ಕಲ್ಲದ) ಸಾಲ 2.5 ಲಕ್ಷ ರೂಪಾಯಿವರೆಗೆ ಇದ್ದರೆ ಅಡಮಾನದ ಮೌಲ್ಯದ 85 ಶೇಕಡಾ, ಅದನ್ನು ಮೀರಿ 5 ಲಕ್ಷದವರೆಗೆ 80 ಶೇಕಡಾ, 5 ಲಕ್ಷ ಮೀರಿದರೆ 75 ಶೇಕಡಾ ಮಿತಿ. ನೋಡಲು ಮೂರೇ ಸಾಲಿನ ಕೋಷ್ಟಕ. ನಮ್ಮ ಮೊದಲ ಕರಡಿನಲ್ಲಿ ಎರಡನೆಯ ಸಾಲು 5 ಲಕ್ಷಕ್ಕಿಂತ ಕಡಿಮೆ ಎಂಬಲ್ಲಿಗೆ ನಿಂತಿತ್ತು. ಸರಿಯಾಗಿ 5 ಲಕ್ಷಕ್ಕೆ ಸಾಲೇ ಇಲ್ಲವೆಂದು ವಿಶ್ಲೇಷಣೆ ಕೂಡಲೇ ಹೇಳಿತು, ಅರ್ಧ ನಿಮಿಷದಲ್ಲಿ ತಿದ್ದಿದೆವು. ಕೋಷ್ಟಕ ಪೂರ್ಣವಾಗಿದೆ, ಗೊಂದಲವಿಲ್ಲ ಎಂಬ ವರದಿ ಬಂತು. ಆ ವರದಿ ನಿಜವೇ ಆಗಿತ್ತು, ಆದರೂ ನಮ್ಮ ತರ್ಕ ತಪ್ಪಾಗಿತ್ತು.

ಗ್ರಾಹಕರ ಒಡವೆಯ ಮೌಲ್ಯ 3 ಲಕ್ಷ ಎಂದಿಟ್ಟುಕೊಳ್ಳಿ. ಅವರಿಗೆ ಗರಿಷ್ಠ ಎಷ್ಟು ಸಾಲ ಕೊಡಬಹುದು? 85 ಶೇಕಡಾ ಎಂದರೆ 2,55,000 ಆಗುತ್ತದೆ. ಅದು ಎರಡೂವರೆ ಲಕ್ಷವನ್ನು ಮೀರಿತು, ಆದ್ದರಿಂದ 80 ಶೇಕಡಾ ಸಾಲು ಅನ್ವಯಿಸಬೇಕು. 80 ಶೇಕಡಾ ಎಂದರೆ 2,40,000. ಅದು ಎರಡೂವರೆ ಲಕ್ಷದೊಳಗೆ ಬಂತು, ಆದ್ದರಿಂದ ಮತ್ತೆ 85 ಶೇಕಡಾ. ಸಾಲದ ಮೊತ್ತ ಶೇಕಡಾವಾರನ್ನು ನಿರ್ಧರಿಸುತ್ತದೆ, ಶೇಕಡಾವಾರು ಸಾಲದ ಮೊತ್ತವನ್ನು ನಿರ್ಧರಿಸುತ್ತದೆ. ಈ ಲೆಕ್ಕದ ಒಂದು ಭಾಗವನ್ನು ನಾವು ಡ್ರೂಲ್ಸ್‌ನ ಸ್ವಂತ ಭಾಷೆಯಲ್ಲಿ ಬರೆದಿದ್ದೆವು. ಒಂದು ನಿಯಮ ಮೊತ್ತವನ್ನು ಬದಲಿಸಿದೊಡನೆ ಇನ್ನೊಂದು ಎಚ್ಚರಗೊಂಡು ಶೇಕಡಾವಾರನ್ನು ಬದಲಿಸುತ್ತಿತ್ತು, ಅದು ಬದಲಾದೊಡನೆ ಮೊದಲನೆಯದು ಮತ್ತೆ ಎಚ್ಚರಗೊಳ್ಳುತ್ತಿತ್ತು. ಪರೀಕ್ಷೆಯ ಯಂತ್ರ ಉತ್ತರ ಕೊಡದೆ ನಿಂತುಬಿಟ್ಟಿತು. ‘ನೋ-ಲೂಪ್’ ಎಂಬ ಸೂಚನೆಯನ್ನು ಸೇರಿಸಿ ನೋಡಿದೆವು, ಪ್ರಯೋಜನವಾಗಲಿಲ್ಲ. ಒಂದು ನಿಯಮ ತನ್ನ ಕೆಲಸದಿಂದ ತಾನೇ ಮತ್ತೆ ಎಚ್ಚರಗೊಳ್ಳುವುದನ್ನು ಮಾತ್ರ ಅದು ತಡೆಯುತ್ತದೆ, ಎರಡು ನಿಯಮಗಳು ಒಂದನ್ನೊಂದು ಎಬ್ಬಿಸುವುದನ್ನು ತಡೆಯುವುದಿಲ್ಲ.

ಸರಿಯಾದ ಉತ್ತರ 2,50,000. ಒಡವೆಯ ಮೌಲ್ಯ ಸುಮಾರು 2,94,118ರಿಂದ 3,12,500ರವರೆಗೆ ಎಷ್ಟೇ ಇದ್ದರೂ ಉತ್ತರ ಇದೇ. 6,25,000ರಿಂದ ಸುಮಾರು 6,66,667ರವರೆಗೆ ಇದ್ದರೆ ಉತ್ತರ 5 ಲಕ್ಷದಲ್ಲೇ ನಿಲ್ಲುತ್ತದೆ. ಇಡೀ ಲೆಕ್ಕವನ್ನು ಡಿಎಂಎನ್‌ಗೆ ವರ್ಗಾಯಿಸಿದ ಮೇಲೆ ಈ ಸಮಸ್ಯೆ ಬಗೆಹರಿಯಿತು, ಏಕೆಂದರೆ ಒಂದು ನಿರ್ಧಾರ ಸುತ್ತಿ ಬಂದು ತನ್ನನ್ನೇ ಅವಲಂಬಿಸುವುದನ್ನು ಡಿಎಂಎನ್ ಒಪ್ಪುವುದಿಲ್ಲ, ಬೇರೆ ದಾರಿ ಹುಡುಕಲೇಬೇಕು. ಮೂರೂ ಹಂತಗಳಲ್ಲಿ ಸಿಗಬಹುದಾದ ಮೊತ್ತವನ್ನು ಆಯಾ ಹಂತದ ಮಿತಿಗೆ ಕತ್ತರಿಸಿ ಬೇರೆ ಬೇರೆಯಾಗಿ ಲೆಕ್ಕ ಹಾಕಿ, ಅವುಗಳಲ್ಲಿ ದೊಡ್ಡದನ್ನು ಆರಿಸಿದೆವು. ನಾನು ಹೊಸಬರಿಗೆ ಸ್ವಂತ ಭಾಷೆಯ ನಿಯಮಗಳಿಗಿಂತ ಡಿಎಂಎನ್ ಅನ್ನೇ ಶಿಫಾರಸು ಮಾಡಲು ಇದೇ ಮುಖ್ಯ ಕಾರಣ.

ಎರಡನೆಯ ದೋಷವನ್ನು ಕಂಡುಹಿಡಿದವರು ಬ್ಯಾಂಕಿನ ಶಾಖೆಯ ಮ್ಯಾನೇಜರ್. ಒಪ್ಪಿಗೆಗೆಂದು ತೋರಿಸಿದ ಪರೀಕ್ಷೆಯಲ್ಲಿ, ಮೊದಲೇ ಬಳೆ ಇಟ್ಟು 2 ಲಕ್ಷ ಪಡೆದಿದ್ದ ಗ್ರಾಹಕಿಯೊಬ್ಬರು ಸರ ತಂದು ಇನ್ನೂ 1 ಲಕ್ಷ ಕೇಳುವ ಉದಾಹರಣೆ ಇತ್ತು. ಪರದೆಯನ್ನು ನೋಡಿದ ಮ್ಯಾನೇಜರ್, “ಈ ಅಮ್ಮನಿಗೆ ಹೋದ ತಿಂಗಳೇ ಎರಡು ಲಕ್ಷ ಕೊಟ್ಟಿದ್ದೀವಲ್ಲ ಸಾರ್, ಅದು ಎಲ್ಲಿ ಸೇರಿತು?” ಎಂದು ಕೇಳಿದರು. ನಿರ್ದೇಶನದ ಮಿತಿ ಇರುವುದು ಒಬ್ಬ ಸಾಲಗಾರರ ಒಟ್ಟು ಮೊತ್ತದ ಮೇಲೆ, ನಮ್ಮ ಕಾಲಂ ನೋಡುತ್ತಿದ್ದುದು ಈಗಿನ ಸಾಲವನ್ನು ಮಾತ್ರ. ಒಟ್ಟು 3 ಲಕ್ಷಕ್ಕೆ 80 ಶೇಕಡಾದಂತೆ 3,75,000 ಮೌಲ್ಯದ ಒಡವೆ ಬೇಕು, ನಮ್ಮ ಲೆಕ್ಕ 85 ಶೇಕಡಾದಂತೆ ಸುಮಾರು 3,52,941ಕ್ಕೇ ತೃಪ್ತಿಪಡುತ್ತಿತ್ತು. ಸಾಲುಗಳ ನಡುವಿನ ಸಂಬಂಧವನ್ನು ಸಾಧನ ಪರಿಶೀಲಿಸಬಲ್ಲದು. ಕಾಲಂನಲ್ಲಿರುವ ಸಂಖ್ಯೆ ಲೋಕದಲ್ಲಿ ಯಾವುದನ್ನು ಸೂಚಿಸುತ್ತದೆ ಎಂಬುದನ್ನು ಕೌಂಟರಿನಲ್ಲಿ ಕೂತು ಕೆಲಸ ಮಾಡಿದವರೇ ಹೇಳಬೇಕು. ಹಾಗಾಗಿ ಈಗ ವಿಶ್ಲೇಷಣೆಯ ವರದಿ ಶುದ್ಧವಾಗಿ ಬಂದ ಮೇಲೂ ಪ್ರತಿ ಕೋಷ್ಟಕದ ಕಾಲಂ ಶೀರ್ಷಿಕೆಗಳನ್ನು ಅವರ ಮುಂದೆ ಗಟ್ಟಿಯಾಗಿ ಓದಿ, ಒಂದೊಂದಕ್ಕೂ ಅರ್ಥ ಕೇಳಿ ಬರೆದುಕೊಳ್ಳುತ್ತೇವೆ.

ಇನ್ನು ಕೆಲವು ಕೊರತೆಗಳಿವೆ. ಪದಗಳಿರುವ ಕಾಲಂಗೆ, ಉದಾಹರಣೆಗೆ ಸಾಲದ ಉದ್ದೇಶಕ್ಕೆ, ಅನುಮತಿಸಿದ ಬೆಲೆಗಳ ಪಟ್ಟಿಯನ್ನು ಮೊದಲೇ ಕೊಡದಿದ್ದರೆ ಬಿಟ್ಟುಹೋದ ಬೆಲೆಗಳನ್ನು ಹುಡುಕುವ ಕೆಲಸವನ್ನೇ ಅದು ಕೈಬಿಡುತ್ತದೆ. ಹಾಗೆ ಕೈಬಿಟ್ಟಿರುವುದನ್ನು ವರದಿಯಲ್ಲಿ ತಿಳಿಸುತ್ತದೆ ನಿಜ, ಆದರೆ ಅವಸರದಲ್ಲಿ ಓದುವವರು ಅದನ್ನು ‘ದೋಷವಿಲ್ಲ’ ಎಂದು ತಿಳಿಯುವ ಅಪಾಯವಿದೆ, ನಾವೂ ಒಮ್ಮೆ ಹಾಗೆಯೇ ತಿಳಿದೆವು. ಅದು ನೋಡುವುದು ಒಂದೊಂದು ಕೋಷ್ಟಕವನ್ನು. ಒಂದು ಕೋಷ್ಟಕ ಅನುಮತಿಸಿದ್ದನ್ನು ಇನ್ನೊಂದು ನಿರಾಕರಿಸಿದರೆ ಅದನ್ನು ಉದಾಹರಣೆಗಳಿಂದಲೇ ಹಿಡಿಯಬೇಕು. ವರದಿಯ ಇಂಗ್ಲಿಷ್ ಪ್ರೋಗ್ರಾಮರುಗಳಿಗೆ ಹೊಂದುವಂಥದ್ದು, ಅದನ್ನು ಸಾಲ ವಿಭಾಗದವರಿಗೆ ನಾವೇ ಕನ್ನಡದಲ್ಲಿ ಬರೆದು ಕಳುಹಿಸುತ್ತೇವೆ. ಜಾವಾ ಬಲ್ಲ ಒಬ್ಬರಾದರೂ ಇಲ್ಲದ ತಂಡಕ್ಕೆ ಇದನ್ನು ಕಟ್ಟಿ ನಿಲ್ಲಿಸುವುದು ಕಷ್ಟ.

ಸಾಲುಗಳಲ್ಲಿ ಯಾವುದನ್ನು ಆರಿಸಬೇಕು ಎಂಬ ಹಿಟ್ ಪಾಲಿಸಿಯ ಬಗ್ಗೆ ಒಂದು ಮಾತು. ‘ಫಸ್ಟ್’ ಎಂದು ಆರಿಸಿದರೆ ಹೊಂದುವ ಮೊದಲ ಸಾಲು ಗೆಲ್ಲುತ್ತದೆ, ಬರೆಯುವವರಿಗೆ ಅದು ಸುಲಭ. ಆದರೆ ಸಾಲುಗಳ ಕ್ರಮದಲ್ಲೇ ಅರ್ಥ ಅಡಗಿರುವುದರಿಂದ, ಎರಡು ವರ್ಷದ ನಂತರ ಯಾರೋ ಮಧ್ಯದಲ್ಲಿ ಒಂದು ಸಾಲು ಸೇರಿಸಿದಾಗ ಕೆಳಗಿನದು ಸದ್ದಿಲ್ಲದೆ ಮರೆಯಾಗುತ್ತದೆ. ‘ಯೂನಿಕ್’ ಎಂದು ಆರಿಸಿದರೆ ಒಂದು ಬೆಲೆಗೆ ಒಂದೇ ಸಾಲು ಹೊಂದಬೇಕು, ಎರಡು ಸಾಲುಗಳು ಹೊಂದಿದರೆ ವಿಶ್ಲೇಷಣೆ ತಕರಾರು ಎತ್ತುತ್ತದೆ. ನಾವು ಹಳೆಯ ಕೋಷ್ಟಕಗಳನ್ನೆಲ್ಲ ಒಂದೊಂದಾಗಿ ‘ಯೂನಿಕ್’ಗೆ ಬದಲಿಸಿದೆವು. ಆ ಕೆಲಸಕ್ಕೆ ಹಿಡಿದ ನಾಲ್ಕು ತಿಂಗಳು ನನ್ನ ಮಟ್ಟಿಗೆ ಸಾರ್ಥಕ.

ಈಗ ಬಿಡುಗಡೆಗೆ ಮುನ್ನ ಪ್ರತಿ ಕೋಷ್ಟಕವೂ ತಾನಾಗಿಯೇ ವಿಶ್ಲೇಷಣೆಗೆ ಹೋಗುತ್ತದೆ, ಒಂದು ಬೆಲೆ ಬಿಟ್ಟುಹೋಗಿದ್ದರೂ ಬಿಡುಗಡೆ ನಿಲ್ಲುತ್ತದೆ. ಅದರ ಜೊತೆಗೆ 2,49,999, 2,50,000, 2,50,001, 4,99,999, 5,00,000, 5,00,001 ಎಂಬ ಆರು ಮೊತ್ತಗಳನ್ನೂ, 3 ಲಕ್ಷ ಮತ್ತು 6.5 ಲಕ್ಷ ಮೌಲ್ಯದ ಒಡವೆಗಳನ್ನೂ, ಹಳೆಯ ಸಾಲ ಇರುವ ಒಬ್ಬ ಗ್ರಾಹಕರನ್ನೂ ಕೈಯಿಂದ ಬರೆದ ಪರೀಕ್ಷೆಗಳಾಗಿ ಉಳಿಸಿಕೊಂಡಿದ್ದೇವೆ. ಠೇವಣಿಯ ಪಟ್ಟಿಯಲ್ಲಿ ಮೊದಲನೆಯ ಪರೀಕ್ಷೆಯ ವಯಸ್ಸು 60.