ನೋಕಿಯಾ 5800: ಐದು ವರ್ಷ ಒತ್ತಿ ನೋಡಿದ ಮೇಲೆ

2009ರಲ್ಲಿ, ಮಳೆಗಾಲ ಹಿಡಿಯುವ ಮೊದಲು, ಶಿವಮೊಗ್ಗದ ಅಂಗಡಿಯೊಂದರಲ್ಲಿ ಕೊಂಡ ನೋಕಿಯಾ 5800 ಎಕ್ಸ್‌ಪ್ರೆಸ್ ಮ್ಯೂಸಿಕ್ ಫೋನನ್ನು ನಾನು ಐದು ವರ್ಷ ಬೇರೆ ಫೋನಿನ ಹಂಗಿಲ್ಲದೆ ಬಳಸಿದ್ದೇನೆ. ಆಮೇಲೆ ಅದು ಅಮ್ಮನ ಪಾಲಾಯಿತು. ಈ ಫೋನನ್ನು ಕೊಂಡವರಲ್ಲಿ ಅದರ ಬಗ್ಗೆ ಆಗಲೂ ಒಮ್ಮತವಿರಲಿಲ್ಲ, ಈಗಲೂ ಇಲ್ಲ. ನಮ್ಮ ಮನೆಯಲ್ಲೇ ಎರಡು ಪಕ್ಷಗಳಿದ್ದವು: ನನಗಿಂತ ಎರಡು ತಿಂಗಳು ಮೊದಲು ಇದೇ ಫೋನನ್ನು ಕೊಂಡಿದ್ದ ನನ್ನ ಭಾವ ವರ್ಷ ತುಂಬುವ ಮೊದಲೇ ಅದನ್ನು ಮಾರಿದರು, ನಾನು ಅದರ ಬಣ್ಣ ಮಾಸಿ ಅಂಚು ಸವೆಯುವ ತನಕ ಇಟ್ಟುಕೊಂಡೆ. ಒಂದೇ ವಸ್ತು ಇಬ್ಬರಿಗೆ ಹೀಗೆ ಬೇರೆ ಬೇರೆಯಾಗಿ ಕಂಡದ್ದೇಕೆ ಎಂಬುದನ್ನು ಬಿಡಿಸಿ ಹೇಳಲು ಸಾಧ್ಯವೇ ಎಂದು ಈ ವಿಮರ್ಶೆಯಲ್ಲಿ ನೋಡುತ್ತೇನೆ.

ಈ ಫೋನನ್ನು ನೋಕಿಯಾ ಘೋಷಿಸಿದ್ದು 2008ರ ಅಕ್ಟೋಬರ್ 2ರಂದು. ಕಂಪನಿಯ ಎಸ್60 ಎಂಬ ತಂತ್ರಾಂಶದ ಫೋನುಗಳ ಸಾಲಿನಲ್ಲಿ ಪರದೆ ಮುಟ್ಟಿ ಬಳಸುವ ಮೊದಲ ಫೋನು ಇದೇ. ಅದಕ್ಕೂ ಸ್ವಲ್ಪ ಮೊದಲು, ಅದೇ ವರ್ಷದ ಆಗಸ್ಟಿನಲ್ಲಿ, ಐಫೋನ್ 3ಜಿ ಭಾರತಕ್ಕೆ 31 ಸಾವಿರ ರೂಪಾಯಿಯ ಬೆಲೆಯೊಂದಿಗೆ ಬಂದಿತ್ತು. ನನ್ನಂಥ ಗುಮಾಸ್ತನಿಗೆ ಅದು ಕನ್ನಡಿಯೊಳಗಿನ ಗಂಟು. ಅದಕ್ಕಿಂತ ಎಷ್ಟೋ ಕಡಿಮೆ ಬೆಲೆಗೆ ದೊಡ್ಡ ಪರದೆ, ವೈಫೈ, ಜಿಪಿಎಸ್, ಕಾರ್ಲ್ ಝೈಸ್ ಮಸೂರದ 3.2 ಮೆಗಾಪಿಕ್ಸೆಲ್ ಕ್ಯಾಮೆರಾ, ಡಬ್ಬಿಯೊಳಗೇ 8 ಜಿಬಿ ಮೆಮೊರಿ ಕಾರ್ಡು ಸಿಗುತ್ತದೆಂದರೆ ಲೆಕ್ಕ ಸರಿಹೋದಂತೆಯೇ ಆಯಿತು. ಗಿಟಾರ್ ಮೀಟುವ ಬಿಲ್ಲೆಯ ಆಕಾರದ ಒಂದು ಪ್ಲಾಸ್ಟಿಕ್ ತುಂಡೂ ಡಬ್ಬಿಯಲ್ಲಿತ್ತು; ಪರದೆ ಒತ್ತಲು ಕೊಟ್ಟದ್ದದು. ನನ್ನದು ಮೊದಲ ವಾರವೇ ಎಲ್ಲೋ ಕಳೆದುಹೋಯಿತು, ಅದರ ಅಗತ್ಯವೂ ಮತ್ತೆ ಬೀಳಲಿಲ್ಲ.

ಜನ ಹೆಚ್ಚಾಗಿ ಬೈದದ್ದು ಪರದೆಯನ್ನು. 3.2 ಇಂಚಿನ, 640ಕ್ಕೆ 360 ಪಿಕ್ಸೆಲ್‌ಗಳ ಆ ಪರದೆ ಆ ಕಾಲಕ್ಕೆ ಬಹಳ ಸ್ಪಷ್ಟವಾದದ್ದು. ತಕರಾರು ಇದ್ದದ್ದು ಅದು ಬೆರಳನ್ನು ಗುರುತಿಸುವ ಬಗೆಯ ಮೇಲೆ. ಐಫೋನಿನ ಗಾಜು ಬೆರಳ ತುದಿಯ ವಿದ್ಯುತ್ ಗುಣವನ್ನು ಗ್ರಹಿಸುತ್ತದೆ, ತಾಗಿದರೆ ಸಾಕು. ನೋಕಿಯಾದ ಪರದೆ ರೆಸಿಸ್ಟಿವ್ ಬಗೆಯದು: ಮೇಲೆ ಬಾಗುವ ತೆಳು ಪದರ, ಕೆಳಗೆ ಇನ್ನೊಂದು ಪದರ, ನಡುವೆ ಕೂದಲೆಳೆಯ ಅಂತರ. ಮೇಲಿನದನ್ನು ಒತ್ತಿ ಕೆಳಗಿನದಕ್ಕೆ ತಾಗಿಸಿದಾಗಲೇ ಫೋನಿಗೆ ಸುದ್ದಿ ಮುಟ್ಟುತ್ತದೆ. ಆದ್ದರಿಂದ ಸವರಿದರೆ ಅದು ಅಲುಗುವುದಿಲ್ಲ, ಎರಡು ಬೆರಳಿನಿಂದ ಹಿಗ್ಗಿಸಲೂ ಬರುವುದಿಲ್ಲ. ಬೆಂಗಳೂರಿನಲ್ಲಿ ಸಹೋದ್ಯೋಗಿಯ ಐಫೋನನ್ನು ದಿನವೂ ನೋಡುತ್ತಿದ್ದ ಭಾವನಿಗೆ ಇದು ಮೊದಲ ದಿನದಿಂದಲೇ ಕೊರತೆಯಾಗಿ ಕಂಡಿತು.

ನಾನಿರುವುದು ತೀರ್ಥಹಳ್ಳಿಯ ಕಡೆ, ವರ್ಷದಲ್ಲಿ ನಾಲ್ಕು ತಿಂಗಳು ಮಳೆ ನೋಡುವ ಊರು. ಕೊಡೆ ಹಿಡಿದು ತೋಟದ ಕಾಲುವೆ ದಾಟುವಾಗ ಬಂದ ಕರೆಯನ್ನು ಒದ್ದೆ ಬೆರಳಿನಿಂದಲೇ ಎತ್ತಬಹುದಿತ್ತು. ಪರದೆಯ ಮೇಲೆ ನಾಲ್ಕು ಹನಿ ಬಿದ್ದರೂ ಅದು ತಾನಾಗಿ ಏನನ್ನೂ ತೆರೆಯುತ್ತಿರಲಿಲ್ಲ, ಏಕೆಂದರೆ ಹನಿಗೆ ಒತ್ತುವ ಭಾರವಿಲ್ಲ. ಅಡಿಕೆ ಸುಲಿಯುವ ದಿನಗಳಲ್ಲಿ ಕೈಯೆಲ್ಲ ಚೊಗರು ಹಿಡಿದಿದ್ದಾಗ ಉಗುರಿನ ತುದಿಯಿಂದ, ಕೆಲವೊಮ್ಮೆ ಕಿವಿಗೆ ಸಿಕ್ಕಿಸಿಕೊಂಡ ಪೆನ್ನಿನ ಹಿಂಬದಿಯಿಂದ ಒತ್ತಿ ಕೆಲಸ ಸಾಗಿಸಿದ್ದೇನೆ. 2014ರಲ್ಲಿ ಗಾಜಿನ ಪರದೆಯ ಹೊಸ ಫೋನು ಬಂದ ಮೇಲೆ ಮೊದಲ ಮಳೆಗೆ ಅದನ್ನು ಅಂಗಿಗೆ ಉಜ್ಜಿ ಉಜ್ಜಿ ಒರೆಸುತ್ತ ನಿಂತಾಗ ಹಳೆಯದರ ಬೆಲೆ ಗೊತ್ತಾಯಿತು. ಹಾಗೆಂದು ಅದರ ಪರದೆಯಲ್ಲಿ ಕುಂದೇ ಇರಲಿಲ್ಲ ಎನ್ನಲಾರೆ. ಮೇಲ್ಪದರ ಪ್ಲಾಸ್ಟಿಕ್ಕಾದ್ದರಿಂದ ಬೀಗದ ಕೈಯ ಜೊತೆ ಜೇಬಿನಲ್ಲಿ ಇಟ್ಟರೆ ಗೀರು ಖಚಿತ, ಮಧ್ಯಾಹ್ನದ ಬಿಸಿಲಿನಲ್ಲಿ ಅಕ್ಷರಗಳು ಮಂಕಾಗುತ್ತಿದ್ದವು.

ನನ್ನ ತೀರ್ಮಾನ ಏನೆಂದರೆ, ಈ ಫೋನಿನ ನಿಜವಾದ ತೊಡಕು ಪರದೆಯಲ್ಲಿ ಇರಲಿಲ್ಲ, ಅದರ ಹಿಂದೆ ಕುಳಿತ ತಂತ್ರಾಂಶದಲ್ಲಿತ್ತು. ಸಿಂಬಿಯನ್ ಎಸ್60 ಎಂಬುದು ಬಟನ್‌ಗಳ ಫೋನಿಗಾಗಿ ವರ್ಷಗಟ್ಟಲೆ ಬೆಳೆದ ವ್ಯವಸ್ಥೆ. ನಾಲ್ಕು ದಿಕ್ಕಿನ ಗುಂಡಿಯಿಂದ ಮೇಲೆ ಕೆಳಗೆ ಹೋಗಿ, ಬೇಕಾದ ಸಾಲಿನ ಮೇಲೆ ನಿಂತು, ನಡುವಿನ ಗುಂಡಿ ಒತ್ತಿ ತೆರೆಯುವುದು ಅದರ ಹುಟ್ಟುಗುಣ. ಗುಂಡಿಗಳನ್ನು ತೆಗೆದು ಪರದೆ ಕೊಟ್ಟಾಗಲೂ ಆ ಗುಣ ಹೋಗಲಿಲ್ಲ: ಪಟ್ಟಿಯಲ್ಲಿ ಒಂದು ಸಲ ಒತ್ತಿದರೆ ಆ ಸಾಲು ಆಯ್ಕೆಯಾಗುತ್ತದೆ, ಇನ್ನೊಂದು ಸಲ ಒತ್ತಿದರೆ ತೆರೆಯುತ್ತದೆ, ಆದರೆ ಚಿತ್ರಗಳ ಮೆನುವಿನಲ್ಲಿ ಒಂದೇ ಒತ್ತು ಸಾಕು. ಎಲ್ಲಿ ಒಂದು, ಎಲ್ಲಿ ಎರಡು ಎಂಬುದನ್ನು ಕೈ ರೂಢಿ ಮಾಡಿಕೊಳ್ಳಬೇಕೇ ಹೊರತು ಬುದ್ಧಿಯಿಂದ ಊಹಿಸುವ ಹಾಗಿಲ್ಲ. ಮೊದಮೊದಲು ಉದ್ದ ಪಟ್ಟಿಯನ್ನು ಸರಿಸಲು ಬಲ ಅಂಚಿನ ಸಣ್ಣ ಪಟ್ಟಿಯನ್ನು ಹಿಡಿದೆಳೆಯಬೇಕಿತ್ತು. ಬೆರಳು ಬೀಸಿದರೆ ಪಟ್ಟಿ ಉರುಳುವ ಸೌಕರ್ಯ 2010ರ ತಂತ್ರಾಂಶ ಪರಿಷ್ಕರಣೆಯಲ್ಲಿ ಬಂದಿತು, ಅದೂ ಎಲ್ಲ ಕಡೆ ಒಂದೇ ತೆರನಾಗಿ ಅಲ್ಲ. ನಾನು ಅದಕ್ಕೆ ಮುಂಚೆ ಎರಡು ಎಸ್60 ಫೋನುಗಳನ್ನು ಬಳಸಿದ್ದವನು, ಯಾವ ಸೆಟ್ಟಿಂಗ್ ಯಾವ ಮೂಲೆಯಲ್ಲಿ ಅಡಗಿದೆಯೆಂದು ಕಣ್ಣು ಮುಚ್ಚಿ ಹೇಳಬಲ್ಲೆ. ಆದ್ದರಿಂದ ನನಗೆ ಅದು ಪರಿಚಿತ ಮನೆಗೆ ಹೊಸ ಬಾಗಿಲಿಟ್ಟಂತೆ ಇತ್ತು. ಮೊದಲ ಸಲ ಸ್ಮಾರ್ಟ್‌ಫೋನು ಹಿಡಿದವರಿಗೆ, ಅಥವಾ ಐಫೋನಿನ ಸರಳತೆ ಕಂಡು ಬಂದವರಿಗೆ, ಅದೇ ಮನೆ ಕತ್ತಲೆಯದು. ಹೊಗಳಿಕೆ ಮತ್ತು ತೆಗಳಿಕೆ ಇಬ್ಭಾಗವಾದದ್ದು ಇಲ್ಲಿಯೇ ಎಂದು ನನಗನಿಸುತ್ತದೆ.

ಎರಡನೆಯ ತೊಡಕು ಜಾಗದ್ದು. ಕಾರ್ಡಿನಲ್ಲಿ 8 ಜಿಬಿ ಇದ್ದರೂ ಫೋನಿನ ಸ್ವಂತ ಮೆಮೊರಿ ಸುಮಾರು 81 ಎಂಬಿ ಮಾತ್ರ, ರ‍್ಯಾಮ್ 128 ಎಂಬಿ. ಹೇಳದೆ ಬಿಟ್ಟರೆ ಸಂದೇಶಗಳೂ ಹೊಸ ಆ್ಯಪ್‌ಗಳೂ ಫೋನಿನ ಮೆಮೊರಿಯಲ್ಲೇ ಹೋಗಿ ಕೂರುತ್ತಿದ್ದವು. ಅದು ತುಂಬಿತೆಂದರೆ ಎಲ್ಲವೂ ನಿಧಾನ. ಮೊದಲ ದಿನವೇ ಸಂದೇಶಗಳ ನೆಲೆಯನ್ನು ಕಾರ್ಡಿಗೆ ಬದಲಿಸಿ, ಪ್ರತಿ ಆ್ಯಪ್ ಹಾಕುವಾಗಲೂ ಮರೆಯದೆ ಕಾರ್ಡನ್ನೇ ಆರಿಸಿದವರಿಗೆ ಇದರ ಬಿಸಿ ತಟ್ಟಲಿಲ್ಲ. ಆದರೆ ಹದಿನೆಂಟು ಸಾವಿರ ಕೊಟ್ಟವನು ಇದನ್ನೆಲ್ಲ ತಾನೇ ಕಂಡುಕೊಳ್ಳಬೇಕೇ ಎಂದು ಭಾವ ಕೇಳುತ್ತಿದ್ದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆ್ಯಪ್‌ಗಳದ್ದು ಇನ್ನೊಂದು ಕಥೆ: ಆ್ಯಪ್ ಅಸಲಿಯೆಂದು ತೋರಿಸುವ ಪ್ರಮಾಣಪತ್ರದ ಅವಧಿ ಮುಗಿದಿದೆ ಎಂದು ಫೋನು ತಡೆದಾಗ, ಫೋನಿನ ದಿನಾಂಕವನ್ನು ಹಿಂದಕ್ಕೆ ತಿರುಗಿಸಿ ಆ್ಯಪ್ ಹಾಕಿ ಮತ್ತೆ ಸರಿಪಡಿಸುವುದು ಆಗ ಎಲ್ಲರಿಗೂ ಗೊತ್ತಿದ್ದ ಉಪಾಯವಾಗಿತ್ತು.

ಆರಂಭದಲ್ಲಿ ತಯಾರಾದ ಫೋನುಗಳಲ್ಲಿ ಕರೆಯ ಧ್ವನಿ ಕೇಳಿಸುವ ಕಿವಿ ಸ್ಪೀಕರು ಕೈಕೊಡುತ್ತಿದ್ದದ್ದು ಆ ದಿನಗಳಲ್ಲಿ ಬಹಿರಂಗವಾಗಿಯೇ ಚರ್ಚೆಯಾದ ವಿಷಯ. ಕಂಪನಿಯೂ ಅದನ್ನು ಒಪ್ಪಿಕೊಂಡಿತ್ತು. ನನ್ನದು ನಂತರ ತಯಾರಾದದ್ದರಿಂದ ಕೊನೆಯ ತನಕ ಸ್ಪಷ್ಟವಾಗಿ ಕೇಳಿಸಿತು.

ಹೆಸರಿಗೆ ತಕ್ಕಂತೆ ಸಂಗೀತದ ವಿಷಯದಲ್ಲಿ ಈ ಫೋನು ನನಗೆ ಒಮ್ಮೆಯೂ ಬೇಸರ ತರಿಸಲಿಲ್ಲ. ಎರಡು ಸ್ಪೀಕರುಗಳು ಪಕ್ಕದ ಅಂಚಿನಲ್ಲಿದ್ದುದರಿಂದ ಮೇಜಿನ ಮೇಲೆ ಮಲಗಿಸಿದರೂ ಧ್ವನಿ ಮುಚ್ಚಿಹೋಗುತ್ತಿರಲಿಲ್ಲ, 3.5 ಮಿಲಿಮೀಟರ್ ಜಾಕ್ ಇದ್ದುದರಿಂದ ಯಾವ ಹೆಡ್‌ಫೋನನ್ನಾದರೂ ಸಿಕ್ಕಿಸಬಹುದಿತ್ತು. ರಾತ್ರಿಯಿಡೀ ನಡೆದ ಯಕ್ಷಗಾನ ಪ್ರಸಂಗಗಳ ಧ್ವನಿಮುದ್ರಣಗಳನ್ನು ಕಾರ್ಡಿಗೆ ತುಂಬಿಕೊಂಡು, ಆಗುಂಬೆ ಘಾಟಿಯ ಬಸ್ಸಿನಲ್ಲಿ ಭಾಗವತರ ಪದ ಕೇಳುತ್ತ ಇಳಿದ ಪ್ರಯಾಣಗಳ ಲೆಕ್ಕವೇ ಇಲ್ಲ. ಕ್ಯಾಮೆರಾದ ಚಿತ್ರಗಳು ಹಗಲಿನಲ್ಲಿ ಚೆನ್ನ, ಸಂಜೆಯ ನಂತರ ಸುಮಾರು.

ಕನ್ನಡ ಓದುವುದಕ್ಕೆ ಮಾತ್ರ ಸುತ್ತು ದಾರಿ ಹಿಡಿಯಬೇಕಿತ್ತು. ಫೋನಿನ ಬ್ರೌಸರಿನಲ್ಲಿ ನಮ್ಮ ಪತ್ರಿಕೆಗಳ ಪುಟ ತೆರೆದರೆ ಅಕ್ಷರದ ಜಾಗದಲ್ಲಿ ಚೌಕಗಳ ಸಾಲು. ಒಪೆರಾ ಮಿನಿ ಎಂಬ ಇನ್ನೊಂದು ಬ್ರೌಸರನ್ನು ಹಾಕಿಕೊಂಡು, ಅದರ ವಿಳಾಸದ ಜಾಗದಲ್ಲಿ ‘ಒಪೆರಾ’, ಎರಡು ಚುಕ್ಕೆ, ‘ಕಾನ್ಫಿಗ್’ ಎಂದು ಇಂಗ್ಲಿಷಿನಲ್ಲಿ ಬರೆದರೆ ಒಂದು ಪಟ್ಟಿ ತೆರೆಯುತ್ತಿತ್ತು. ಸಂಕೀರ್ಣ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸಬೇಕೇ ಎಂದು ಕೇಳುವ ಸಾಲಿಗೆ ಹೌದು ಎಂದು ಹೇಳಿ ಉಳಿಸಿದರೆ, ಆ ಕಂಪನಿಯ ಸರ್ವರು ಕನ್ನಡದ ಅಕ್ಷರಗಳನ್ನು ಚಿತ್ರಗಳಾಗಿ ಮಾಡಿ ಕಳುಹಿಸುತ್ತಿತ್ತು. ಒತ್ತಕ್ಷರ ಸರಿಯಾಗಿ ಅಕ್ಷರದ ಬುಡದಲ್ಲಿ ಕೂತ ಮೊದಲ ಪುಟವನ್ನು ನಾನು ಮನೆಯವರಿಗೆಲ್ಲ ತೋರಿಸಿದ್ದು ನೆನಪಿದೆ. ಚಿತ್ರವಾದ್ದರಿಂದ ಡೇಟಾ ಹೆಚ್ಚು ಖರ್ಚಾಗುತ್ತಿತ್ತು, ಪುಟ ತಡವಾಗಿ ಬರುತ್ತಿತ್ತು. ಫೋನಿನಲ್ಲಿ 3ಜಿ ಇದ್ದರೂ ನಮ್ಮೂರಿನ ಟವರಿನಲ್ಲಿ ಬಹುಕಾಲ ಅದು ಇರಲಿಲ್ಲ. ಕನ್ನಡದಲ್ಲಿ ಬರೆಯುವ ಮಾತಂತೂ ದೂರ, ಸಂದೇಶಗಳೆಲ್ಲ ಇಂಗ್ಲಿಷ್ ಅಕ್ಷರಗಳಲ್ಲೇ.

ಕೊಂಡಾಗ ಇಲ್ಲದ ಒಂದು ಲಾಭ ನಂತರ ದಕ್ಕಿತು. 2010ರ ಜನವರಿಯಲ್ಲಿ ನೋಕಿಯಾ ತನ್ನ ಓವಿ ಮ್ಯಾಪ್ಸ್‌ನ ದಾರಿ ಹೇಳುವ ಸೇವೆಯನ್ನು ಉಚಿತ ಮಾಡಿದಾಗ ಈ ಫೋನಿಗೂ ಅದು ಸಿಕ್ಕಿತು. ನಕ್ಷೆಯನ್ನು ಮೊದಲೇ ಕಂಪ್ಯೂಟರಿನಿಂದ ಕಾರ್ಡಿಗೆ ಇಳಿಸಿಕೊಂಡರೆ ಸಿಗ್ನಲ್ ಇಲ್ಲದ ಘಟ್ಟದ ದಾರಿಯಲ್ಲೂ ಅದು ನಡೆಯುತ್ತಿತ್ತು. ಬೆಂಗಳೂರಿನ ಒಳರಸ್ತೆಗಳಲ್ಲಿ ಭಾವನ ಹೊಸ ಮನೆಯನ್ನು ನಾನು ಹುಡುಕಿದ್ದು ಅವರೇ ಬೇಡವೆಂದು ಮಾರಿದ ಮಾದರಿಯ ಫೋನಿನಿಂದ. ಇದನ್ನು ಅವರಿಗೆ ಹೇಳದೆ ಇರಲಾಗಲಿಲ್ಲ.

ರಚನೆಯ ಬಗ್ಗೆ ಎರಡು ಮಾತು. ಸಿಮ್ ಹಾಕುವುದು ಪಕ್ಕದ ಸಣ್ಣ ಬಾಗಿಲಿನಿಂದ, ತೆಗೆಯಬೇಕಾದರೆ ಮಾತ್ರ ಬ್ಯಾಟರಿ ಬಿಚ್ಚಿ ಒಳಗಿನ ಕಿಂಡಿಯಿಂದ ಕಡ್ಡಿಯಲ್ಲಿ ತಳ್ಳಬೇಕು. ಆ ಕಡ್ಡಿ ಹಿಂಬದಿಯ ಮುಚ್ಚಳದ ಮೂಲೆಯಲ್ಲೇ ಇರುತ್ತದೆ. ಮೈಕ್ರೊ ಯುಎಸ್‌ಬಿ ಕಿಂಡಿ ಇದ್ದರೂ ಅದರಿಂದ ಚಾರ್ಜ್ ಆಗದು, ನೋಕಿಯಾದ ಸಣ್ಣ ಪಿನ್ನೇ ಬೇಕು. 1320 ಎಂಎಎಚ್ ಬ್ಯಾಟರಿ ನನ್ನ ಬಳಕೆಗೆ ಎರಡು ದಿನ ಬರುತ್ತಿತ್ತು. ಮೂರನೆಯ ವರ್ಷ ಹೆಸರು ಕೇಳದ ಅಂಗಡಿಯಲ್ಲಿ ಅಗ್ಗಕ್ಕೆ ಕೊಂಡ ನಕಲಿ ಬ್ಯಾಟರಿ ಆರು ತಿಂಗಳಲ್ಲಿ ಉಬ್ಬಿತು, ಅದು ನನ್ನ ಜಿಪುಣತನಕ್ಕೆ ತೆತ್ತ ದಂಡ. ಇದರ ಅಸಲಿ ಬ್ಯಾಟರಿ ಬಿಎಲ್-5ಜೆ ಸಿಗುವುದು ಕಷ್ಟವಾಗಲಿಲ್ಲ. ನಂತರ ಬಂದ ಅಗ್ಗದ ನೋಕಿಯಾ 5233ಕ್ಕೂ, ಎಷ್ಟೋ ಆಮೇಲಿನ ಲೂಮಿಯಾ 520ಕ್ಕೂ ಅದೇ ಬ್ಯಾಟರಿ.

2011ರ ಫೆಬ್ರವರಿಯಲ್ಲಿ ನೋಕಿಯಾ ಮೈಕ್ರೋಸಾಫ್ಟ್ ಜೊತೆ ಕೈಜೋಡಿಸಿ ವಿಂಡೋಸ್ ಫೋನಿನತ್ತ ಹೊರಳಿದಾಗಲೇ ಸಿಂಬಿಯನ್ನಿನ ಗತಿ ಏನೆಂದು ಬಳಕೆದಾರರಿಗೆ ಅರ್ಥವಾಗಿತ್ತು. 2014ರ ಆರಂಭದಿಂದ ಕಂಪನಿಯ ಅಂಗಡಿ ಸಿಂಬಿಯನ್ನಿಗೆ ಹೊಸ ಆ್ಯಪ್‌ಗಳನ್ನು ಸ್ವೀಕರಿಸುವುದನ್ನು ನಿಲ್ಲಿಸಿತು, ಅದೇ ವರ್ಷ ನಾನು ಫೋನು ಬದಲಿಸಿದೆ. ಅಮ್ಮ ಅದರಲ್ಲಿ ವಾಟ್ಸ್ಆ್ಯಪ್ ಕಲಿತು, 2017ರ ಜೂನ್ ಕೊನೆಗೆ ಸಿಂಬಿಯನ್ನಿಗೆ ಆ ಸೇವೆ ನಿಂತಾಗ ಮೊಮ್ಮಕ್ಕಳ ಫೋಟೋ ಬರುವುದಿಲ್ಲವೆಂದು ಸ್ವಲ್ಪ ದಿನ ಗೊಣಗಿದರು. ಒಂದು ಒತ್ತು, ಎರಡು ಒತ್ತಿನ ಗೊಂದಲ ಅವರಿಗೆ ಕೊನೆಗೂ ಬಗೆಹರಿಯಲಿಲ್ಲ. ಎಲ್ಲ ಕಡೆ ಎರಡು ಸಲ ಒತ್ತುವುದೆಂದು ತಾವೇ ಒಂದು ನಿಯಮ ಮಾಡಿಕೊಂಡಿದ್ದರು. ಈಗ ಅದರಲ್ಲಿ ಸಿಮ್ ಇಲ್ಲ. ಎಫ್‌ಎಂ ರೇಡಿಯೊಗೆ ಹೆಡ್‌ಫೋನಿನ ತಂತಿಯೇ ಏರಿಯಲ್ ಆದ್ದರಿಂದ, ತಂತಿಯನ್ನು ಅಡುಗೆಮನೆಯ ಕಿಟಕಿಯ ಸರಳಿಗೆ ಸುತ್ತಿ, ಬೆಳಿಗ್ಗೆ ಭದ್ರಾವತಿ ಆಕಾಶವಾಣಿ ಹಾಕಿ, ಸ್ಪೀಕರಿನಲ್ಲಿ ಕೇಳುತ್ತ ದೋಸೆ ಎರೆಯುತ್ತಾರೆ. ಹಿಟ್ಟು ಮೆತ್ತಿದ ಬೆರಳಿನಿಂದಲೇ ಧ್ವನಿ ಹೆಚ್ಚಿಸುತ್ತಾರೆ, ಎರಡು ಸಲ ಒತ್ತಿ.